ಮಗ್ಗುಲು ಬದಲಿಸಿದ ಚೌಕ

ಕಲ್ಲಿನ ಮೇಲೆ ಕೆತ್ತಬೇಕಾದ ಹನ್ನೆರಡು ಸಾಲುಗಳಲ್ಲಿ ಒಂಬತ್ತನೆಯದು ಸುಳ್ಳು ಎನ್ನುವುದು ಅವನಿಗೆ ಹಲ್ಲುಜ್ಜುವಾಗ ಮತ್ತೆ ನೆನಪಾಯಿತು. ಮರೆತಿದ್ದನೆಂದಲ್ಲ. ನಲವತ್ತೊಂದು ವರ್ಷದಿಂದ ಅದು ಮಂಡಿನೋವಿನ ಹಾಗೆ ಅವನ ಜೊತೆಗೇ ಇತ್ತು, ನಡೆದರೆ ಇದೆ, ಕೂತರೆ ಇಲ್ಲ. ಆದರೆ ಇಷ್ಟು ದಿನ ಅದು ಬರೀ ಹೇಳದೆ ಉಳಿದ ಮಾತಾಗಿತ್ತು. ಹೇಳದೆ ಉಳಿಯುವುದಕ್ಕೂ ಸುಳ್ಳು ಹೇಳುವುದಕ್ಕೂ ನಡುವೆ ಒಂದು ಗೆರೆ ಇದೆಯೆಂದು ಅವನು ನಂಬಿಕೊಂಡು ಬಂದಿದ್ದ. ಹೋದ ವಾರ ತನ್ನ ಕೈಯಾರೆ, ದುಂಡಗಿನ ಅಕ್ಷರಗಳಲ್ಲಿ, ಆ ಗೆರೆಯನ್ನು ದಾಟಿಬಿಟ್ಟಿದ್ದ. ನಗರಸಭೆಯವರು ಹಳೆಯ ಚೌಕದಲ್ಲಿ ಅದರ ಚರಿತ್ರೆ ಹೇಳುವ ಒಂದು ಕಲ್ಲು ನಿಲ್ಲಿಸುವವರಿದ್ದರು. “ಚೌಕದ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಸಾರ್, ನೀವೇ ಬರೆದುಕೊಡಿ” ಎಂದು ಈಗಿನ ಇಂಜಿನಿಯರು ಫೋನಿನಲ್ಲಿ ಹೇಳಿದಾಗ, ನಿವೃತ್ತನಾಗಿ ನಾಲ್ಕು ವರ್ಷವಾದ ಮೇಲೂ ತನ್ನನ್ನು ನೆನೆಯುವವರಿದ್ದಾರಲ್ಲ ಎಂದು ಅವನು ಉಬ್ಬಿಹೋಗಿದ್ದ. ಆ ಉಬ್ಬಿನಲ್ಲೇ ಎಂಟು ಸಾಲು ಓಡಿದವು. ಒಂಬತ್ತನೆಯದಕ್ಕೆ ಬಂದಾಗ ಪೆನ್ನು ನಿಂತಿತು, ಸ್ವಲ್ಪ ಹೊತ್ತು ಕಾದು, ಬರೆಯಿತು: “ಕೊಳವೆ ಹಾಕಲು ಎತ್ತಿದ ಕಲ್ಲುಗಳನ್ನು ಒಂದೊಂದಾಗಿ ಅವುಗಳ ಮೊದಲಿನ ಜಾಗದಲ್ಲೇ ಮರಳಿ ಹಾಸಲಾಯಿತು.” ಮೊದಲ ಎಂಟು ಸಾಲು ಈಗಾಗಲೇ ಕೆತ್ತುವವನ ಕೈ ಸೇರಿದ್ದವು. ಉಳಿದ ನಾಲ್ಕನ್ನು ಇನ್ನೊಮ್ಮೆ ನೋಡಿ ಕೊಡುತ್ತೇನೆಂದು ಇಟ್ಟುಕೊಂಡಿದ್ದ. ಕೊಡಬೇಕಾದ ದಿನ ಇವತ್ತು.

“ಇನ್ನೊಂದು ಸಲ ಓದಿ, ಕೇಳೋಣ” ಎಂದಳು ಹೆಂಡತಿ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. ಅವನು ನಾಲ್ಕು ಸಾಲಿನ ಹಾಳೆ ತೆಗೆದು ಓದಿದ. ಒಂಬತ್ತನೆಯದನ್ನು ಗಂಟಲಲ್ಲೇ ಓದಿ ಹತ್ತನೆಯದಕ್ಕೆ ಹಾರಿದ.

“ಮೊದಲನೇ ಸಾಲು ಕೇಳಿಸ್ಲಿಲ್ಲ.”

“ಮೊದಲಿನ ಜಾಗದಲ್ಲೇ ಮರಳಿ ಹಾಸಲಾಯಿತು ಅಂತ.”

“ಹೌದಾ” ಎಂದಳು. ಆಮೇಲೆ ಬೆಣ್ಣೆಯ ಡಬ್ಬಿಯ ಮುಚ್ಚಳವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಿರುಗಿಸಿದಳು. “ಬರ್ತಾ ಚೌಕದ ಎಡಗಡೆ ಮೂಲೇಲಿ ಚಹಾದಂಗಡಿ ಇದೆಯಲ್ಲ, ಅಲ್ಲಿಂದ ನಾಲ್ಕು ಬನ್ನು ತನ್ನಿ. ಬೇರೆ ಕಡೆಯಿಂದ ತಂದು ಅಲ್ಲಿಂದಲೇ ತಂದೆ ಅನ್ನಬೇಡಿ. ನನಗೆ ಗೊತ್ತಾಗತ್ತೆ.”

ಅವನು ಆ ಅಂಗಡಿಯ ಚಹಾ ಒಮ್ಮೆಯೂ ಕುಡಿದವನಲ್ಲ. ಅಂಗಡಿ ಬಂದ ಮೇಲೆ ಆ ಮೂಲೆಗೆ ಕಾಲಿಟ್ಟವನೇ ಅಲ್ಲ. ಮೂವತ್ತೇಳು ವರ್ಷ ಕಚೇರಿಗೆ ಹೋಗಿಬರುವಾಗಲೂ ಚೌಕದ ಬಾಯಲ್ಲಿದ್ದ ಕಮಾನಿನಿಂದ ಹೊರಬಿದ್ದವನು ಗೋಡೆಯ ಪಕ್ಕದಲ್ಲೇ ಸುತ್ತು ಹಾಕಿಕೊಂಡು ಹೋಗುತ್ತಿದ್ದ. ವೈದ್ಯರು ನಡೆಯಲು ಹೇಳಿದ್ದಾರೆ ಎಂದು ಸಹೋದ್ಯೋಗಿಗಳಿಗೆ ಹೇಳಿದ್ದ. ವೈದ್ಯರು ಹಾಗೆ ಹೇಳಿದ್ದು ಎಷ್ಟೋ ವರ್ಷಗಳ ನಂತರ.

ಬೀದಿ ಇನ್ನೂ ಒದ್ದೆಯಾಗಿತ್ತು, ಅಂಗಡಿಗಳವರು ಬಾಗಿಲ ಮುಂದೆ ನೀರು ಚೆಲ್ಲಿ ಗುಡಿಸಿದ್ದರು. ಕಮಾನಿನ ಕೆಳಗೆ ಯಾವಾಗಲೂ ಬೀಸುವ ಗಾಳಿ ಅವನ ಶರ್ಟಿನೊಳಗೆ ಹೊಕ್ಕಿತು. ಈ ಗಾಳಿಯ ಬಗ್ಗೆ ಒಂದು ಸಾಲು ಬರೆಯಬೇಕೆಂದು ಅವನಿಗೆ ಆಸೆಯಿತ್ತು, ಜಾಗವಿರಲಿಲ್ಲ. ಚೌಕದ ನಡುವಿನ ಕಟ್ಟೆಯ ಮೇಲೆ ನಿಂತು ಹಿಂದೊಮ್ಮೆ ಯಾರೋ ಅಧಿಕಾರಿ ಹೊಸ ತೆರಿಗೆಯ ಆಜ್ಞೆಯನ್ನು ಓದುತ್ತಿದ್ದಾಗ ಈ ಗಾಳಿಯೇ ಕಾಗದವನ್ನು ಕಿತ್ತುಕೊಂಡು ಹೋಗಿತ್ತಂತೆ. ಜನ ಸಂಜೆಯವರೆಗೆ ಅದನ್ನು ಹುಡುಕಿದ ಹಾಗೆ ಮಾಡಿ, ಸಿಗಲಿಲ್ಲವೆಂದು ಮನೆಗೆ ಹೋದರಂತೆ. ಎರಡನೆಯ ಸಾಲಿನಲ್ಲಿ ಕುದುರೆ ಬದಲಿಸುವ ಜಾಗ, ಮೂರನೆಯದರಲ್ಲಿ ದಂಡು ಬೀಡುಬಿಟ್ಟ ಚಳಿಗಾಲ, ಐದರಲ್ಲಿ ಕಾರಂಜಿ, ಆರರಲ್ಲಿ ಕಾರಂಜಿ ಬತ್ತಿದ್ದು. ಇವೆಲ್ಲ ಅವನು ಹಳೆಯ ಕಡತಗಳ ಧೂಳು ಕುಡಿದು ಸಂಪಾದಿಸಿದವು. ಆದರೆ ಅವನಿಗೆ ಗೊತ್ತಿದ್ದ ಚೌಕ ಬೇರೆಯೇ. ಅರ್ಜಿ ಬರೆದುಕೊಡುವವರು ಕಚೇರಿಯ ಮೆಟ್ಟಿಲ ಮೇಲೆ ಬಿಸಿಲಿನ ಜೊತೆಗೇ ಒಂದೊಂದು ಮೆಟ್ಟಿಲು ಸರಿದು ಕೂರುತ್ತಿದ್ದದ್ದು. ಬತ್ತಿದ ಕಾರಂಜಿಯ ತೊಟ್ಟಿಯಲ್ಲಿ ಯಾರೋ ಬಿಟ್ಟುಹೋದ ಕೊಡೆ ಮೂರು ತಿಂಗಳು ಹಾಗೇ ಇದ್ದದ್ದು, ಯಾರೂ ಮುಟ್ಟದಿದ್ದದ್ದು. ಅವನ ಕೆಲಸದ ಆದೇಶ ಅಂಟಿಸಿದ್ದ ಹಲಗೆ ಇಲ್ಲೇ ಇತ್ತು. ಅದರ ಮುಂದೆ ತನ್ನ ಹೆಸರನ್ನು ಬೆರಳಿಟ್ಟು ಓದುತ್ತಿದ್ದಾಗ ಹಿಂದಿನಿಂದ “ಸ್ವಲ್ಪ ಸರೀತೀರಾ, ನಮ್ಮಣ್ಣನ ಹೆಸರು ನೋಡಬೇಕು” ಎಂದವಳೇ ಈಗ ಮನೆಯಲ್ಲಿ ಬೆಣ್ಣೆಯ ಮುಚ್ಚಳ ತಿರುಗಿಸುತ್ತಿದ್ದವಳು. ಅಣ್ಣನ ಹೆಸರಿರಲಿಲ್ಲ. ಅದಕ್ಕಾಗಿ ತಾನು ಕ್ಷಮೆ ಕೇಳಿದ್ದು, ಅವಳು ನಕ್ಕದ್ದು, ಎಲ್ಲ ಈ ಕಲ್ಲುಗಳ ಮೇಲೆಯೇ. ಯಾರಿಗೆ ಹೇಳಬೇಕೆಂದು ತಿಳಿಯದ ಒಂದು ಕೃತಜ್ಞತೆ ಅವನ ಎದೆಯಲ್ಲಿ ಎದ್ದಿತು, ಅದರ ಬೆನ್ನಿಗೇ ಒಂಬತ್ತನೆಯ ಸಾಲೂ ಎದ್ದಿತು.

ಚೌಕದ ಕಲ್ಲುಗಳೆಲ್ಲ ಒಂದೇ ಅಳತೆಯವು. ಕಮಾನಿನಿಂದ ಎದುರಿನ ಬದಿಯವರೆಗೆ ಎಂಬತ್ತನಾಲ್ಕು ಸಾಲು, ಸಾಲಿಗೆ ತೊಂಬತ್ತು ಕಲ್ಲು. ಮುನ್ನೂರು ವರ್ಷ ಜನ ಕಮಾನಿನಿಂದ ಹೊರಟು ಓರೆಯಾಗಿ ಬಲಗಡೆಯ ಮೂಲೆಯ ಮಾರುಕಟ್ಟೆ ಬಾಗಿಲಿಗೆ ನಡೆದೂ ನಡೆದೂ ಆ ದಾರಿಯ ಕಲ್ಲುಗಳು ಸವೆದು ತಗ್ಗಾಗಿ ಹೊಳೆಯುತ್ತಿದ್ದವು. ಕಣ್ಣು ಮುಚ್ಚಿಕೊಂಡು ಹೊರಟರೂ ಕಾಲು ತಾನಾಗಿ ಮಾರುಕಟ್ಟೆ ಸೇರುತ್ತಿತ್ತು. ಕೊಳವೆ ಹಾಕಬೇಕೆಂದಾಗ ಕಲ್ಲುಗಳನ್ನು ಎತ್ತಿ, ಅಡಿಯಲ್ಲಿ ನಂಬರು ಬರೆದು, ಅದೇ ಕ್ರಮದಲ್ಲಿ ಮತ್ತೆ ಹಾಸಬೇಕೆಂದು ತೀರ್ಮಾನವಾಯಿತು. ನಂಬರಿನ ನಕ್ಷೆ ಬರೆಯುವ ಕೆಲಸ ಆಗಷ್ಟೇ ಸೇರಿದ್ದ ಅವನ ಪಾಲಿಗೆ ಬಂತು. ವಯಸ್ಸು ಇಪ್ಪತ್ತಮೂರು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಎತ್ತುವಾಗ ಅವನು ಕಮಾನಿಗೆ ಬೆನ್ನು ಹಾಕಿ ನಿಂತು, ಪ್ರತಿ ಸಾಲನ್ನೂ ತನ್ನ ಎಡಗೈ ಕಡೆಯಿಂದ ಎಣಿಸಿದ. ಆದರೆ ಕಲ್ಲು ಹಾಸುವವರು ಕಮಾನಿನ ಕಡೆಯಿಂದ ಶುರುಮಾಡಿ, ಹಾಸಿದ್ದನ್ನು ನೋಡುತ್ತ ಹಿಂದೆ ಹಿಂದೆ ಸರಿಯುತ್ತಾರೆ, ಅವರ ಮುಖ ಕಮಾನಿನ ಕಡೆಗೆ. ಅವರ ಎಡಗೈ ಇರುವುದು ಅವನ ಬಲಗೈ ಕಡೆ. ನಕ್ಷೆಯ ಮೂಲೆಯಲ್ಲಿ ದಿಕ್ಕು ತೋರಿಸುವ ಒಂದು ಬಾಣ ಬರೆದಿದ್ದರೆ ಸಾಕಿತ್ತು. ಏಳು ಸಾವಿರದ ಐನೂರು ಚಿಲ್ಲರೆ ನಂಬರುಗಳನ್ನು ಒಂದೂ ತಪ್ಪಿಲ್ಲದೆ ಬರೆದವನು ಆ ಒಂದು ಬಾಣವನ್ನು ಮರೆತಿದ್ದ.

ಯಾಕೆ ಮರೆತೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದಾನೆ. ಆ ದಿನಗಳಲ್ಲಿ ಹಿರಿಯ ನಕ್ಷೆಗಾರರೆಂದರೆ ಅವನಿಗೆ ವಿಪರೀತ ಭಯ. ಮನುಷ್ಯನಿಗೆ ಸದಾ ನೆಗಡಿ, ಮೂಗೊರೆಸಿಕೊಂಡ ಕರವಸ್ತ್ರದಿಂದಲೇ ನಕ್ಷೆಯ ಮೇಲಿನ ಧೂಳು ಕೊಡವುವ ಅಭ್ಯಾಸ. ಒಂದು ದಿನ ಬೇರಾವುದೋ ಹಾಳೆಯಲ್ಲಿ ಅಳತೆ ತಪ್ಪಿದ್ದಕ್ಕೆ ಇಡೀ ಕೊಠಡಿಯ ಮುಂದೆ ಅದನ್ನು ಹರಿದು ನೆಲಕ್ಕೆ ಬಿಸಾಡಿ, “ಆರಿಸು. ಇನ್ನೊಂದು ತಪ್ಪು ನನ್ನ ಕಣ್ಣಿಗೆ ಬಿದ್ರೆ ಆ ಬಾಗಿಲಿಂದ ಹಾಗೇ ಮನೆಗೆ ಹೋಗು” ಎಂದಿದ್ದರು. ಅವನು ಮಂಡಿಯೂರಿ ಚೂರುಗಳನ್ನು ಆರಿಸಿದ್ದ. ತಲೆ ಎತ್ತಲಾಗದೆ ಬಾಗಿಲ ಕಡೆಗೆ ನೋಡಿದಾಗ ಹೊಸ್ತಿಲಾಚೆ ಎರಡು ಬರಿಗಾಲು ಕಂಡಿದ್ದವು. ಬೆರಳಸಂದಿಯಲ್ಲೆಲ್ಲ ಸುಣ್ಣ, ಕಲ್ಲಿನ ಪುಡಿ. ಯಾರೋ ಒಳಗೆ ಬರಲು ನಿಂತವರು. ಇನ್ನೊಂದು ಚೂರು ಆರಿಸಿ ಮತ್ತೆ ನೋಡುವಷ್ಟರಲ್ಲಿ ಕಾಲುಗಳಿರಲಿಲ್ಲ. ತನ್ನ ಅವಮಾನವನ್ನು ಹೊರಗಿನವರೊಬ್ಬರು ನೋಡಿಬಿಟ್ಟರಲ್ಲ ಎಂದು ಅವನಿಗೆ ಹಿರಿಯ ನಕ್ಷೆಗಾರರ ಮಾತಿಗಿಂತ ಆ ಕಾಲುಗಳೇ ಹೆಚ್ಚು ನಾಚಿಕೆ ತಂದಿದ್ದವು.

ಹನ್ನೊಂದು ತಿಂಗಳ ಮೇಲೆ ಸುತ್ತಲಿನ ತಗಡು ತೆಗೆದು ಚೌಕವನ್ನು ಜನರಿಗೆ ಬಿಟ್ಟ ದಿನ, ಎಲ್ಲರ ಜೊತೆ ಅವನೂ ಕಮಾನಿನಿಂದ ಹೊರಬಂದ. ಕಾಲು ಬಲಕ್ಕೆ ಹೊರಟಿತು, ಸವೆದ ಕಲ್ಲು ಎಡಕ್ಕೆ ಹೊರಟಿತು. ಮುನ್ನೂರು ವರ್ಷದ ದಾರಿ ಹೊಳೆಯುತ್ತ ಹೋಗಿ ಎಡಮೂಲೆಯಲ್ಲಿ, ಹಳೆಯ ಉಗ್ರಾಣದ ಕುರುಡು ಗೋಡೆಗೆ ಮುಖ ಕೊಟ್ಟು ನಿಂತಿತ್ತು. “ಏನೋ ಬದಲಾದ ಹಾಗಿದೆಯಲ್ಲ” ಎಂದರು ಒಬ್ಬರು. “ತೊಳೆದಿದ್ದಾರೆ, ಅದಕ್ಕೆ” ಎಂದರು ಇನ್ನೊಬ್ಬರು. ಅಷ್ಟಕ್ಕೇ ಮುಗಿಯಿತು. ಆದರೆ ಮೊದಲ ಮಳೆಗೆ ನೀರು ಆ ತಗ್ಗಿನಲ್ಲೇ ಹರಿದು, ಮಾರುಕಟ್ಟೆಯ ಮೋರಿಗೆ ಹೋಗಬೇಕಾದ್ದು ಎಡಮೂಲೆಯಲ್ಲಿ ಮೊಣಕಾಲುದ್ದ ನಿಂತಿತು. ದೊಡ್ಡ ಇಂಜಿನಿಯರು ಕೊಡೆ ಹಿಡಿದು ಬಂದರು. ಹಾಸಿದ ಮೇಸ್ತ್ರಿಯನ್ನು ಕರೆಸಿದರು. “ನೀರಿನ ಇಳಿಜಾರು ಗೊತ್ತಿಲ್ಲದೋನು ನೀನೆಂಥ ಮೇಸ್ತ್ರಿಯಯ್ಯಾ? ಕಲ್ಲು ಹಾಸೋಕೆ ಬರಲ್ಲ ಅಂತ ಮೊದಲೇ ಹೇಳಬಾರದಾಗಿತ್ತಾ?” ಮೇಸ್ತ್ರಿ ಮಳೆಯಲ್ಲಿ ಕೈಕಟ್ಟಿ ನಿಂತಿದ್ದರು. ಐವತ್ತು ದಾಟಿದ ಮನುಷ್ಯ, ಆ ಊರಿನ ಅರ್ಧ ಕಟ್ಟಡಗಳ ಮೆಟ್ಟಿಲು ಅವರ ಕೈಯವು. ನಕ್ಷೆಯ ಸುರುಳಿಯನ್ನು ಎದೆಗವಚಿಕೊಂಡು ಅವನು ಇಂಜಿನಿಯರ ಹಿಂದೆ, ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದ. ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. ಮೇಸ್ತ್ರಿಗೆ ಆಮೇಲೆ ಮೋರಿ ತೇಪೆಯ ಕೆಲಸ ಬಿಟ್ಟರೆ ಬೇರೇನೂ ಸಿಗಲಿಲ್ಲವೆಂದೂ, ಅದನ್ನೂ ಬಿಟ್ಟು ಆ ಎಡಮೂಲೆಯಲ್ಲೇ ಚಹಾದಂಗಡಿ ಇಟ್ಟರೆಂದೂ ಕೇಳಿದ. ಮುಂದೆ ಅವರು ತೀರಿಕೊಂಡದ್ದನ್ನೂ, ಅಂಗಡಿಯನ್ನು ಮಗಳು ನಡೆಸುತ್ತಿದ್ದಾಳೆಂಬುದನ್ನೂ ಕೇಳಿದ. ಕೇಳಿದಾಗಲೆಲ್ಲ ಅವನ ಸುತ್ತುದಾರಿ ಇನ್ನಷ್ಟು ಗೋಡೆಗೆ ಅಂಟಿಕೊಂಡಿತು.

ಈಗ ನಗರಸಭೆಯವರು ಚರಿತ್ರೆಯ ಕಲ್ಲಿಗೆ ಆರಿಸಿದ ಜಾಗವೂ ಅದೇ ಮೂಲೆ. ಜನ ಅಲ್ಲೇ ಹೆಚ್ಚು ನಿಲ್ಲುತ್ತಾರಂತೆ. ದೂರದಿಂದಲೇ ಉಳಿಯ ಟಕಟಕ ಕೇಳಿಸುತ್ತಿತ್ತು. ಸುತ್ತು ಹಾಕಿಕೊಂಡು ಹೋದರೂ ಕೊನೆಗೆ ತಲುಪುವುದು ಅಲ್ಲಿಗೇ ಎಂದು ಹೊಳೆದಾಗ ಅವನಿಗೆ ತನ್ನ ಮೇಲೆಯೇ ನಗು ಬಂತು. ಕಮಾನಿನಿಂದ ನೇರ ಸವೆದ ಕಲ್ಲುಗಳ ಮೇಲೆ ಇಳಿದ. ಪಾದ ತಗ್ಗಿನಲ್ಲಿ ಕೂತಿತು. ಬಾಲ್ಯದಲ್ಲಿ ಅಮ್ಮನ ಕೈಹಿಡಿದು ಮಾರುಕಟ್ಟೆಗೆ ಹೋಗುವಾಗಿನ ಅದೇ ನುಣುಪು, ಬೇರೆ ದಿಕ್ಕಿಗೆ. ತಳ್ಳುಗಾಡಿಯವರು ಅವನನ್ನು ಹಿಂದೆ ಹಾಕಿ ಅದೇ ಕಲ್ಲುಗಳ ಮೇಲೆ ಸದ್ದಿಲ್ಲದೆ ಗಾಡಿ ಉರುಳಿಸಿಕೊಂಡು ಹೋದರು. ಉಗ್ರಾಣದ ಕುರುಡು ಗೋಡೆಯಲ್ಲಿ ಯಾವಾಗಲೋ ಬಾಗಿಲು ಒಡೆದಿದ್ದರು. ಅದರಾಚೆ ಓಣಿ, ಓಣಿಯ ತುಂಬ ಸಣ್ಣ ಅಂಗಡಿಗಳು. ದೂರದಿಂದ ನೋಡಿ ಗೊತ್ತಿತ್ತು, ಒಳಗೆ ಇಷ್ಟು ಜನ ಇರುತ್ತಾರೆಂದು ಗೊತ್ತಿರಲಿಲ್ಲ.

“ಬನ್ನಿ ಯಜಮಾನ್ರೇ, ನಿಮ್ಮ ದಾರಿನೇ ಕಾಯ್ತಿದ್ದೆ” ಎಂದ ಕೆತ್ತುವವನು. ಮಲಗಿಸಿದ್ದ ಕಲ್ಲಿನ ಮುಂದೆ ಗೋಣಿ ಹಾಸಿ ಕೂತಿದ್ದ, ಹುಬ್ಬಿನ ಮೇಲೆಲ್ಲ ಬಿಳಿ ಪುಡಿ. ಎಂಟು ಸಾಲು ಮುಗಿದಿದ್ದವು. ಕೆಳಗೆ ಚೌಕದ ಪುಟ್ಟ ನಕ್ಷೆಯನ್ನೂ ಕೆತ್ತಿದ್ದ, ಕಮಾನು, ಕಟ್ಟೆ, ಎರಡು ಮೂಲೆಗಳು. “ಕೊಡಿ ಹಾಳೆ. ಸಂಜೆಯೊಳಗೆ ಮುಗಿಸಿ ಕೈತೊಳ್ಕೋತೀನಿ.”

ಅವನ ಕೈ ಜೇಬಿಗೆ ಹೋಗಿ ಅಲ್ಲೇ ನಿಂತಿತು. ಅಷ್ಟರಲ್ಲಿ ಪಕ್ಕದ ಅಂಗಡಿಯಿಂದ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಚಹಾದ ಲೋಟ ತಂದು ಅವನ ಮುಂದೆ ಹಿಡಿದಳು. ಅವಳ ಗಲ್ಲ ಮೇಸ್ತ್ರಿಯದೇ.

“ಅರ್ಧ ಚಮಚ ಸಕ್ಕರೆ, ಅಲ್ವಾ ಸಾರ್?”

“ನಿಮಗೆ ಹೇಗೆ ಗೊತ್ತಮ್ಮಾ?”

“ನಿಮ್ಮನೆ ಅಕ್ಕ ಹೇಳಿದಾರೆ. ಮಾರುಕಟ್ಟೆಗೆ ಬಂದಾಗಲೆಲ್ಲ ಇಲ್ಲಿ ಕೂತೇ ಹೋಗೋದಲ್ವಾ ಅವರು, ಇಪ್ಪತ್ತು ವರ್ಷದಿಂದ. ಇವತ್ತು ನೀವು ಬರ್ತೀರಿ ಅಂತ ಬೆಳಿಗ್ಗೆನೇ ಫೋನ್ ಮಾಡಿದ್ರು. ಬನ್ನು ಕಟ್ಟಿಟ್ಟಿದೀನಿ.”

ಲೋಟ ಬಿಸಿಯಾಗಿತ್ತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತ. ಇಪ್ಪತ್ತು ವರ್ಷ ಹೆಂಡತಿ ಮಾರುಕಟ್ಟೆಯಿಂದ ತಡವಾಗಿ ಬಂದಾಗಲೆಲ್ಲ ಇವನು ಗಡಿಯಾರ ತೋರಿಸಿ ರೇಗಿಸಿದ್ದ. ಈಗಲೇ ಹೇಳಬೇಕು, ಲೋಟ ಆರುವ ಮೊದಲು, ಇಲ್ಲದಿದ್ದರೆ ಹಾಳೆ ಜೇಬಿನಿಂದ ತಾನಾಗಿ ಹೊರಬಂದು ಕೆತ್ತುವವನ ಕೈಸೇರುತ್ತದೆ ಎಂದು ಅನಿಸಿತು.

“ನೋಡಮ್ಮಾ, ನಿಮ್ಮ ತಂದೆಯವರ ವಿಷಯ. ಆವತ್ತು ಮಳೇಲಿ ಅವರಿಗೆ ಬೈದ್ರಲ್ಲ, ತಪ್ಪು ಅವರದಲ್ಲ. ನನ್ನದು. ನಕ್ಷೇಲಿ ದಿಕ್ಕಿನ ಬಾಣ ಹಾಕಿರ್ಲಿಲ್ಲ ನಾನು. ಚೌಕ ಪೂರ್ತಿ ಎಡ ಬಲ ಆಗಿಹೋಯ್ತು.” ನಲವತ್ತೊಂದು ವರ್ಷ ಹೊತ್ತದ್ದು ಹೇಳಲು ಇಷ್ಟೇ ಹೊತ್ತು ಸಾಕಾಯಿತೇ ಎಂದು ಅವನಿಗೆ ಆಶ್ಚರ್ಯವಾಯಿತು.

ಅವಳು ಸೊಂಟದ ಬಟ್ಟೆಗೆ ಕೈ ಒರೆಸಿಕೊಂಡಳು. “ಗೊತ್ತು ಸಾರ್.”

“ಏನು ಗೊತ್ತು?”

“ಎಲ್ಲ. ಮೂವತ್ತನೇ ಸಾಲು ಹಾಕೋ ಹೊತ್ತಿಗೆ ಅಪ್ಪಂಗೆ ಕಂಡಿತ್ತಂತೆ, ಸವೆದ ಕಲ್ಲು ಈ ಕಡೆ ಬರ್ತಿದಾವೆ ಅಂತ. ಕೇಳೋಣ ಅಂತ ನಿಮ್ಮ ಕಚೇರಿಗೆ ಬಂದಿದ್ರು. ಒಳಗೆ ಯಾರೋ ದೊಡ್ಡೋರು ನಕ್ಷೆ ಬರೆದ ಹುಡುಗನ ಕೈಲಿ ನೆಲದ ಮೇಲಿನ ಕಾಗದ ಆರಿಸ್ತಿದ್ರಂತೆ. ಇನ್ನೊಂದು ತಪ್ಪಾದ್ರೆ ಮನೆಗೆ ಹೋಗು ಅಂತಿದ್ರಂತೆ. ಅಪ್ಪ ಬಾಗಿಲಿಂದಲೇ ತಿರುಗಿ ಬಂದ್ರು. ಮನೇಲಿ ಅಮ್ಮಂಗೆ ಹೇಳಿದ್ರಂತೆ, ಮೂವತ್ತು ಸಾಲು ಕಿತ್ರೆ ಯಾಕೆ ಅಂತ ಕೇಳ್ತಾರೆ, ಕೇಳಿದ್ರೆ ಆ ಹುಡುಗನ ಹೆಸರು ಹೇಳಬೇಕು, ಅವನ ಕೆಲಸ ಇನ್ನೂ ಖಾಯಂ ಆಗಿಲ್ಲ ಅಂತ. ಹಾಗೇ ಹಾಸಿಬಿಟ್ರು.”

ಸುಣ್ಣ ಮೆತ್ತಿದ ಎರಡು ಬರಿಗಾಲು. ನಲವತ್ತೊಂದು ವರ್ಷ ಅವುಗಳಿಗೆ ನಾಚಿಕೊಂಡಿದ್ದ. ಅವನ ಖಾಯಂ ಆದ ಕೆಲಸ, ಬಾಡಿಗೆ ಮನೆಯ ಎರಡು ಕೋಣೆ, ಹಲಗೆಯ ಮುಂದೆ ನಕ್ಕವಳು ಧೈರ್ಯವಾಗಿ ಅವನ ಹಿಂದೆ ಬಂದದ್ದು, ಮಕ್ಕಳ ಓದು, ಈಗ ತಿಂಗಳ ಮೊದಲ ವಾರ ಬರುವ ಪಿಂಚಣಿ, ಎಲ್ಲವೂ ಆ ಕಾಲುಗಳು ಸದ್ದಿಲ್ಲದೆ ಹಿಂದಕ್ಕೆ ತಿರುಗಿದ್ದರಿಂದ ಬಂದವು. ಅವನ ಕಣ್ಣುಗಳು ತುಂಬಿ ಬಂದವು. ಬೇರೆಯವರ ಮುಂದೆ ಅತ್ತು ಅಭ್ಯಾಸವಿಲ್ಲದ್ದರಿಂದ ಬಿಸಿ ಚಹಾ ಗುಟುಕರಿಸಿ ನಾಲಿಗೆ ಸುಟ್ಟುಕೊಂಡ.

“ನನಗೆ ಯಾಕಮ್ಮಾ ಯಾರೂ ಹೇಳಲಿಲ್ಲ?”

“ಅಪ್ಪ ಬೇಡ ಅಂದಿದ್ರು. ಅಕ್ಕ ಬಂದಾಗಲೆಲ್ಲ ನಕ್ಷೆಯೋರು ಹೇಗಿದಾರೆ ಅಂತ ಕೇಳೋರು. ಅವರು ಇನ್ನೂ ಗೋಡೆ ಪಕ್ಕದಲ್ಲೇ ಹೋಗ್ತಾರಾ ಅಂತ ನಗೋರು. ಒಂದಿನ ತಾನಾಗಿ ಈ ಕಡೆ ಬರ್ಲಿ, ನಾವು ಕರೆದ್ರೆ ಮನುಷ್ಯನಿಗೆ ಕಷ್ಟ ಆಗತ್ತೆ ಅನ್ನೋರು.” ಅವಳು ಚೌಕದ ಕಡೆ ಕೈಬೀಸಿದಳು. “ಯಾರಾದ್ರೂ ದಾರಿ ಕೇಳಿದ್ರೆ, ಚೌಕ ಮಗ್ಗುಲು ಬದಲಿಸಿ ಮಲಗಿದೆ, ನೋಡ್ಕೊಂಡು ಹೋಗಿ ಅಂತ ತಮಾಷೆ ಮಾಡೋರು. ನೀವೇನೂ ಮನಸ್ಸಿಗೆ ಹಚ್ಕೋಬೇಡಿ ಸಾರ್. ಕಲ್ಲು ನುಣ್ಣಗಿದೆ ಅಂತ ಗಾಡಿಯೋರು ಈ ಕಡೆ ಬಂದ್ರು, ಗಾಡಿ ಬಂತು ಅಂತ ಗೋಡೆ ಒಡೆದ್ರು, ಜನ ಬಂತು ಅಂತ ನಮ್ಮ ಒಲೆ ಉರೀತು. ಆ ತಪ್ಪಿನ ಅನ್ನಾನೇ ಉಂಡಿದೀವಿ ನಾವು. ನೀವು ಏನು ಬರೆದಿದೀರಿ ಅಂತ ಅಕ್ಕ ಹೇಳಿದ್ರು, ಅದು ಹಾಗೇ ಇರ್ಲಿ.”

ಹಾಗೇ ಇರಲಿ ಎಂದಾಗ ಅವನ ಮೈಯಲ್ಲಿ ಯಾವುದೋ ಬಿಗಿ ಸಡಿಲವಾಯಿತು. ಹಾಳೆ ಕೊಟ್ಟು, ಬನ್ನು ಹಿಡಿದು ಮನೆಗೆ ಹೋಗಬಹುದು. ಕ್ಷಮಿಸಬೇಕಾದವರೇ ಕ್ಷಮಿಸಿಯಾಯಿತು, ಇನ್ನು ಕಲ್ಲಿಗೇನು ಗೊತ್ತಾಗುತ್ತದೆ. ಆದರೆ ಅವಳು ಒಳಗೆ ಹೋಗಲು ತಿರುಗಿದವಳು ನಿಂತಳು, ಅವನಿಗಲ್ಲ, ತನಗೇ ಹೇಳಿಕೊಳ್ಳುವಂತೆ ಹೇಳಿದಳು.

“ಒಂದು ಮಾತು ಮಾತ್ರ ಅಪ್ಪ ಮರೀಲಿಲ್ಲ. ಕಲ್ಲು ಹಾಸೋಕೆ ಬರಲ್ಲ ಅಂದ್ರಲ್ಲ, ಅದು. ಆವತ್ತು ಮನೆಗೆ ಬಂದು ತುಂಬ ಹೊತ್ತು ಕೈ ತೊಳೀತಿದ್ರು. ಊಟ ಮಾಡ್ಲಿಲ್ಲ. ಕೊನೆಗಾಲದಲ್ಲಿ ಜ್ವರ ಬಂದಾಗಲೂ ಹಾಸಿಗೆ ಮೇಲೆ ಕೈಯಾಡಿಸಿ ಮಟ್ಟ ನೋಡೋರು. ಸರಿಯಾಗಿದೆಯಾ ನೋಡು, ಸರಿಯಾಗಿದೆಯಾ ನೋಡು ಅನ್ನೋರು.”

ಅವನು ಲೋಟ ಕೆಳಗಿಟ್ಟು ಹಾಳೆ ತೆಗೆದ. ಒಂಬತ್ತನೆಯ ಸಾಲನ್ನು ಹೊಡೆದುಹಾಕಿದ. ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದ. ಅಕ್ಷರ ಹಿಂದಿನಷ್ಟು ದುಂಡಗೆ ಬರಲಿಲ್ಲ.

“ಎರಡು ಸಾಲು ಆಯ್ತಲ್ಲ ಯಜಮಾನ್ರೇ” ಎಂದ ಕೆತ್ತುವವನು ಹಾಳೆಯನ್ನು ದೂರ ಹಿಡಿದು ನೋಡುತ್ತ. “ಜಾಗ ಇರೋದು ನಾಲ್ಕಕ್ಕೇ. ಒಂದು ಬರಬೇಕು ಅಂದ್ರೆ ಒಂದು ಹೋಗಬೇಕು.”

ಹನ್ನೆರಡನೆಯ ಸಾಲಿನಲ್ಲಿ ಚರಿತ್ರೆ ಬರೆದವನೆಂದು ಅವನ ಹೆಸರಿತ್ತು, ಹೆಸರಿನ ಹಿಂದೆ ಅವನು ವಹಿಸಿದ್ದ ಹುದ್ದೆಯಿತ್ತು. ಉದ್ಘಾಟನೆಗೆ ಮಕ್ಕಳು ಬರುವವರಿದ್ದರು, ಅದನ್ನು ನೋಡಲೆಂದೇ. ಅವನು ಅದರ ಮೇಲೆ ಗೆರೆ ಎಳೆದ.

“ಇದು ಹೋಗಲಿ.”

“ನಗರಸಭೆಯೋರು ಕೇಳಿದ್ರೆ?”

“ನಾನೇ ಹೇಳ್ತೀನಿ. ಅಲ್ಲೇ ನಿಂತು, ಎಲ್ಲರ ಮುಂದೆ ಹೇಳ್ತೀನಿ.”

ಕೆತ್ತುವವನು ತುಟಿಯಾಡಿಸುತ್ತ ಓದಿಕೊಂಡ, ಆಮೇಲೆ ಮೇಸ್ತ್ರಿಯ ಮಗಳಿಗೆ ಕೇಳಿಸಲೆಂದು ಸ್ವಲ್ಪ ಗಟ್ಟಿಯಾಗಿ ಓದಿದ. “ಕೊಳವೆ ಹಾಕಲು ಎತ್ತಿದ ಕಲ್ಲುಗಳನ್ನು ಮರಳಿ ಹಾಸಿದಾಗ, ನಕ್ಷೆ ಬರೆದವನ ತಪ್ಪಿನಿಂದ ಚೌಕದ ಎಡ ಬಲವಾಯಿತು. ಹಾಸಿದ ಮೇಸ್ತ್ರಿಯ ಕೈ ಒಂದು ಕಲ್ಲಿನಲ್ಲೂ ತಪ್ಪಿಲ್ಲ. ಇಂದಿಗೂ ಒಂದೂ ಅಲುಗಿಲ್ಲ.” ಅವಳು ಅಂಗಡಿಯೊಳಗೆ ಹೋಗಿ, ಒಲೆಯ ಮೇಲೆ ಉಕ್ಕದೆ ಇದ್ದ ಹಾಲನ್ನು ಕೆಳಗಿಳಿಸಿ, ಮತ್ತೆ ಮೇಲಿಟ್ಟಳು. ಅಲ್ಲಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

ಬಿಸಿಲು ಚೌಕದ ತುಂಬ ಬಿದ್ದಿತ್ತು. ಕಮಾನಿನಿಂದ ಬಂದ ಜನ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಹೋಗುತ್ತಿದ್ದರು. ಬಲಗಡೆಯ ಒರಟು ಕಲ್ಲುಗಳ ಮೇಲೂ ಓರೆ ಬಿಸಿಲಿನಲ್ಲಿ ತೆಳ್ಳಗೆ ಒಂದು ಹೊಳಪು ಹರಿದು ಮಾರುಕಟ್ಟೆಯ ಬಾಗಿಲವರೆಗೆ ಹೋಗಿದ್ದನ್ನು ಅವನು ಈಗ ಕಂಡ. ನಲವತ್ತೊಂದು ವರ್ಷದಲ್ಲಿ ಅಲ್ಲೂ ಇನ್ನೊಂದು ದಾರಿ ಸವೆಯಲು ಶುರುವಾಗಿತ್ತು. ಗೋಡೆಯ ಪಕ್ಕ ನಡೆದವನಿಗೆ ಇದು ಕಾಣುವಂತಿರಲಿಲ್ಲ.

“ಇನ್ನೊಂದು” ಎಂದ ಕೆತ್ತುವವನಿಗೆ. “ಆ ಪುಟ್ಟ ನಕ್ಷೆಯ ಮೂಲೇಲಿ ದಿಕ್ಕಿನ ಬಾಣ ಒಂದು ಬೇಕು.”

“ಅದಕ್ಕೇನು, ಹಾಕೋಣ. ತುದಿ ಯಾವ ಕಡೆಗೆ ಬರಬೇಕು?” ಕೆತ್ತುವವನು ಉಳಿ ಎತ್ತಿ ಹಿಡಿದು ಕಾದ.

ಎಡಕ್ಕೆ ಎನ್ನಲು ಅವನು ಬಾಯಿ ತೆರೆದ. ಕಲ್ಲಿನ ಆಚೆ ಬದಿಯಲ್ಲಿ ಅವನಿದ್ದ, ಈಚೆ ಬದಿಯಲ್ಲಿ ಉಳಿ ಹಿಡಿದವನಿದ್ದ. ತೆರೆದ ಬಾಯಿ ಮುಚ್ಚಿ, ಬೆಂಚಿನಿಂದ ಎದ್ದು, ಕಲ್ಲನ್ನು ಸುತ್ತಿ ಬಂದು, ಕೆತ್ತುವವನ ಪಕ್ಕದಲ್ಲಿ ನೋಯುವ ಮಂಡಿಯೂರಿ, ಅವನು ನೋಡುತ್ತಿದ್ದ ಕಡೆಗೇ ಮುಖ ಮಾಡಿ ಕೂತ. ಆಮೇಲೆ ಕೈ ಚಾಚಿ ತೋರಿಸಿದ.